ರೇಷ್ಮಿಯ ಎಣ್ಣೆಸ್ನಾನ

ಕೂದಲಿನ ವಿಷಯದಲ್ಲಿ ವೇದವತಿಗೆ ಯಾರೂ ಬುದ್ಧಿ ಹೇಳುವಂತಿರಲಿಲ್ಲ. ಹೇಳಿದರೂ ಆಕೆ ಕೇಳುತ್ತಿರಲಿಲ್ಲ, ಅದು ಬೇರೆ ಮಾತು. ಬಿಚ್ಚಿದರೆ ಮಂಡಿ ಮುಟ್ಟುವ ಕೂದಲು ಅವಳದು. ನಲವತ್ತು ದಾಟಿದರೂ ಒಂದು ಎಳೆ ಬೆಳ್ಳಗಾಗಿರಲಿಲ್ಲ. ಗಂಡ ಇಂದುಧರ ಬ್ಯಾಂಕಿನಲ್ಲಿ ಅಧಿಕಾರಿ. ತಿಪಟೂರಿನಿಂದ ಹೊರಟ ಸಂಸಾರ ವರ್ಗಾವಣೆ ಆದಲ್ಲೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೋಗಿ, ವಿಜಯವಾಡದಲ್ಲಿ ಕೆಲವು ವರ್ಷ ಬೇರು ಬಿಟ್ಟು, ಈಗ ವಿಶಾಖಪಟ್ಟಣದ ಸೀತಮ್ಮಧಾರದಲ್ಲಿ ಒಂದು ಮಹಡಿ ಮನೆಗೆ ಬಾಡಿಗೆಗೆ ಬಂದಿತ್ತು.

ವಿಜಯವಾಡದ ಬ್ಯಾಂಕ್ ಕ್ವಾರ್ಟರ್ಸಿನಲ್ಲಿ ಹಬ್ಬ ಬಂತೆಂದರೆ ಹೆಣ್ಣುಮಕ್ಕಳೆಲ್ಲ ವೇದವತಿಯ ಮುಂದೆ ಸಾಲಾಗಿ ಕೂರುತ್ತಿದ್ದರು. ಎಣ್ಣೆ ತಿಕ್ಕಿ, ಸೀಗೆಪುಡಿ ಹಾಕಿ, ಧೂಪ ಕೊಟ್ಟು, ಮೊಗ್ಗಿನ ಜಡೆ ಹೆಣೆಯುವಷ್ಟರಲ್ಲಿ ಅವಳ ಬೆರಳು ಸೋಲುತ್ತಿತ್ತು, ಮನಸ್ಸು ಸೋಲುತ್ತಿರಲಿಲ್ಲ. ಆ ಸಾಲಿನಲ್ಲಿ ಮೊದಲು ಕೂರುತ್ತಿದ್ದವಳು ಮಗಳು ಶಾರದಾ. ಈಗ ಶಾರದಾ ವಿಜಯವಾಡದಲ್ಲೇ ಹಾಸ್ಟೆಲಿನಲ್ಲಿದ್ದು ಇಂಟರ್‌ಮೀಡಿಯೆಟ್ ಓದುತ್ತಿದ್ದಳು. ದಸರಾ ರಜೆಗೆ ಬಂದಾಗ ನೋಡಿದರೆ ಜಡೆಯೇ ಇಲ್ಲ. ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿಕೊಂಡು ಬಂದಿದ್ದಾಳೆ.

"ಬಾಚ್ಕೊಳ್ಳೋಕೆ ಟೈಮ್ ಲೇದು ಮಮ್ಮೀ," ಎಂದಳು ಹುಡುಗಿ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ.

ವೇದವತಿ ಎರಡು ದಿನ ಮಗಳೊಡನೆ ಸರಿಯಾಗಿ ಮಾತಾಡಲಿಲ್ಲ. ರಜೆ ಮುಗಿದು ಹುಡುಗಿ ಹೊರಟುಹೋದ ಮೇಲೆ ಅವಳ ಕೈಗೆ ಕೆಲಸವಿಲ್ಲದಂತಾಯಿತು. ಇಂಥ ಹೊತ್ತಿಗೇ ಅನಸೂಯಾ ತನ್ನ ನಾಯಿಯನ್ನು ತಂದು ಅವಳ ಮನೆಯಲ್ಲಿ ಬಿಟ್ಟಳು.

ಅನಸೂಯಾ ಧಾರವಾಡದವಳು. ವಯಸ್ಸಿನಲ್ಲಿ ವೇದವತಿಗಿಂತ ಚಿಕ್ಕವಳು, ಯುಗಾದಿ ಊಟಕ್ಕೆ ಕನ್ನಡದವರೆಲ್ಲ ಸೇರಿದಾಗ ಪರಿಚಯವಾದವಳು. ಗಂಡ ದಿನಕರ ನೌಕಾಪಡೆಯಲ್ಲಿದ್ದ. ಹಡಗು ಹತ್ತಿದನೆಂದರೆ ತಿಂಗಳುಗಟ್ಟಲೆ ಸಮುದ್ರವೇ ಅವನ ಮನೆ. ನೇವಿ ಕ್ವಾರ್ಟರ್ಸಿನಲ್ಲಿ ಅನಸೂಯಾಳಿಗೆ ಜೊತೆಯೆಂದರೆ ರೇಷ್ಮಿ. ಅದು ಲಾಸಾ ಆಪ್ಸೊ ಜಾತಿಯ ಪುಟ್ಟ ಹೆಣ್ಣುನಾಯಿ. ಬೆನ್ನಿನ ನಡುವೆ ಬೈತಲೆ ತೆಗೆದು ಎರಡು ಕಡೆ ಬಾಚಿದರೆ ಜೇನಿನ ಬಣ್ಣದ ಕೂದಲು ನೆಲ ಮುಟ್ಟುತ್ತಿತ್ತು. ನಡೆದರೆ ಕಾಲು ಕಾಣುತ್ತಿರಲಿಲ್ಲ. ಆ ನಾಯಿಯನ್ನು ಅನಸೂಯಾ ಚುರುಮುರಿಯ ಆಸೆ ತೋರಿಸಿ ತೋರಿಸಿ ಪಳಗಿಸಿದ್ದಳು. ಡಿಸೆಂಬರಿನಲ್ಲಿ ಊರಿನಲ್ಲಿ ಡಾಗ್ ಶೋ ಇತ್ತು. ರೇಷ್ಮಿ ಮೊದಲ ಸಲ ಮೇಜಿನ ಮೇಲೆ ನಿಲ್ಲಬೇಕಿತ್ತು. ತೀರ್ಪುಗಾರ ಬಂದು ಹಲ್ಲು ನೋಡಿದರೂ ಬೆನ್ನು ಒತ್ತಿದರೂ ಅಲುಗಾಡದೆ ನಿಲ್ಲುವುದೇ ಅಲ್ಲಿನ ಪರೀಕ್ಷೆ.

ಅಷ್ಟರಲ್ಲಿ ಧಾರವಾಡದಲ್ಲಿ ಅನಸೂಯಾಳ ತಾಯಿಗೆ ಕಣ್ಣಿನ ಆಪರೇಷನ್ ನಿಗದಿಯಾಯಿತು. ವಿಜಯವಾಡದಲ್ಲಿ ಗಾಡಿ ಬದಲಿಸಿ ಹೋಗುವ ಉದ್ದದ ಪ್ರಯಾಣ, ನಾಯಿಯನ್ನು ಕರೆದೊಯ್ಯುವಂತಿರಲಿಲ್ಲ.

"ವೇದಕ್ಕಾರ, ಇದಕ್ಕ ಎರಡ ಮಾತು ಗೊತ್ತದಾವ್ರಿ," ಎಂದಳು ಅನಸೂಯಾ, ನಾಯಿಯ ಹಣಿಗೆ ಬ್ರಷ್ಷುಗಳನ್ನು ಒಂದೊಂದಾಗಿ ತೆಗೆದಿಡುತ್ತ. "ನಿಂದ್ರು ಅಂದ್ರ ಕಲ್ಲಿನಂಗ ನಿಂದ್ರತದ. ಕೆಲಸ ಮುಗದಮ್ಯಾಲೆ ಆತು ಅನ್ರಿ, ಓಡಿಹೋಗತದ. ಆತು ಅನ್ನೂತನಕ ಅಳ್ಳಾಡೂದಿಲ್ಲ. ಅದನ್ನ ಮಾತ್ರ ಮರೀಬ್ಯಾಡ್ರಿ."

"ಸರಿ ಕಣೇ."

"ಒಣಾ ಕೂದಲಾ ಜಗ್ಗಬ್ಯಾಡ್ರಿ. ಸ್ವಲ್ಪ ನೀರು ಚಿಮುಕಿಸಿ, ತುದಿಯಿಂದ ಬಿಡಿಸ್ಕೋತ ಮ್ಯಾಲೆ ಬರ್ರಿ. ಎಣ್ಣಿಗಿಣ್ಣಿ ಏನೂ ಬ್ಯಾಡ. ಸ್ನಾನಂತೂ ಬ್ಯಾಡ ಬ್ಯಾಡ, ನಾ ಬಂದು ಹಾಕ್ತೇನಿ."

"ನನಗೆ ಹೇಳ್ಕೊಡ್ತೀಯೇನೇ ಕೂದ್ಲು ವಿಷಯಾನ? ನೆಮ್ಮದಿಯಾಗಿ ಹೋಗ್ಬಾ, ಅಮ್ಮನ್ನ ನೋಡ್ಕೋ," ಎಂದು ವೇದವತಿ ನಕ್ಕಳು. ನಗುವಾಗ ಅವಳ ಕಣ್ಣು ಅನಸೂಯಾಳ ಜಡೆಯ ಮೇಲಿತ್ತು. ಬೆರಳು ಗಾತ್ರದ ಜಡೆ. ಇಲಿಬಾಲದಂಥ ಜಡೆ ಇಟ್ಟುಕೊಂಡು ನನಗೆ ಪಾಠ ಹೇಳುತ್ತಾಳಲ್ಲ ಎಂದುಕೊಂಡಳು. ಮನುಷ್ಯರನ್ನು ಜಡೆಯಿಂದ ಅಳೆಯುವುದು ಅವಳ ಹಳೆಯ ಚಾಳಿ.

ಮೊದಮೊದಲು ಎಲ್ಲ ಸುಸೂತ್ರವಾಗಿಯೇ ನಡೆಯಿತು. ಬೆಳಿಗ್ಗೆ ಇಂದುಧರ ಬ್ಯಾಂಕಿಗೆ ಹೋದ ಮೇಲೆ ವೇದವತಿ ವರಾಂಡದಲ್ಲಿ ಕಾಗದ ಹಾಸಿ "ನಿಂದ್ರು" ಎನ್ನುತ್ತಿದ್ದಳು. ನಾಯಿ ನಿಲ್ಲುತ್ತಿತ್ತು. ನೀರು ಚಿಮುಕಿಸಿ, ಬೈತಲೆ ತೆಗೆದು, ಕಣ್ಣಿನ ಮೇಲೆ ಬೀಳುವ ಕೂದಲನ್ನು ಶಾರದಾಳ ಹಳೆಯ ರಿಬ್ಬನ್ನಿನಿಂದ ಜುಟ್ಟು ಕಟ್ಟುತ್ತಿದ್ದಳು. ಕೊನೆಗೆ "ಆತು" ಎಂದರೆ ರೇಷ್ಮಿ ಕುಣಿದುಕೊಂಡು ಹೋಗುತ್ತಿತ್ತು. ತಿಪಟೂರಿನ ಬಾಯಲ್ಲಿ ಧಾರವಾಡದ ಈ ಎರಡು ಮಾತು ಕೇಳಿ ಇಂದುಧರನಿಗೆ ನಗು. "ಇಷ್ಟು ವರ್ಷ ನನ್ನ ಮಾತು ಕೇಳ್ದೇ ಇದ್ದೋಳು ನಾಯಿಗೋಸ್ಕರ ಭಾಷೇನೇ ಬದಲಾಯಿಸ್ಬಿಟ್ಟೆ," ಎಂದು ರೇಗಿಸುತ್ತಿದ್ದ.

ದೀಪಾವಳಿ ಬಂತು. ಶಾರದಾ ಪರೀಕ್ಷೆಯ ನೆಪ ಹೇಳಿ ಬರಲಿಲ್ಲ. ನರಕ ಚತುರ್ದಶಿಯ ಬೆಳಗಿನ ಜಾವ ವೇದವತಿ ಹಂಡೆಗೆ ನೀರು ತುಂಬಿ, ಹರಳೆಣ್ಣೆ ಬೆಚ್ಚಗೆ ಮಾಡಿ, ಗಂಡನ ತಲೆಗೆ ತಟ್ಟಿ, ತಾನೂ ಹಚ್ಚಿಕೊಂಡಳು. ಬಟ್ಟಲಿನಲ್ಲಿ ಇನ್ನೂ ಎಣ್ಣೆ ಉಳಿದಿತ್ತು. ಮಗಳ ಪಾಲಿನ ಎಣ್ಣೆ ಅದು. ಬಚ್ಚಲ ಬಾಗಿಲಲ್ಲಿ ರೇಷ್ಮಿ ಕೂತು ನೋಡುತ್ತಿತ್ತು.

"ಹಬ್ಬದ ದಿನ ಈ ಮನೇಲಿರೋರೆಲ್ಲ ಎಣ್ಣೆ ಹಾಕ್ಕೊಂಡಿದೀವಿ. ಇದೊಂದು ಏನ್ರೀ ಪಾಪ ಮಾಡಿತ್ತು?"

"ಪುಣ್ಯ ಮಾಡಿತ್ತು. ಅದಕ್ಕೇ ನಾಯಿಯಾಗಿ ಹುಟ್ಟಿದೆ. ಬಿಟ್ಬಿಡೇ ಅದನ್ನ," ಎಂದ ಇಂದುಧರ.

ಅನಸೂಯಾ ಹೇಳಿದ್ದು ನೆನಪಿರಲಿಲ್ಲವೇ? ನೆನಪಿತ್ತು. ಚೆನ್ನಾಗಿಯೇ ನೆನಪಿತ್ತು. ಬಂದು ನೋಡಲಿ, ಕೂದಲು ಎಂದರೆ ಹೇಗೆ ಹೊಳೆಯುತ್ತದೆಂದು ಅವಳಿಗೂ ಗೊತ್ತಾಗಲಿ ಎಂದು ಇವಳ ಹಮ್ಮು. "ನಿಂದ್ರು," ಎಂದಳು. ರೇಷ್ಮಿ ಬಚ್ಚಲ ಕಲ್ಲಿನ ಮೇಲೆ ನಾಲ್ಕೂ ಕಾಲು ಊರಿ ನಿಂತಿತು. ವೇದವತಿ ಕೈತುಂಬ ಹರಳೆಣ್ಣೆ ಸುರಿದುಕೊಂಡು ಬೇರಿಗೆ ಇಳಿಯುವಂತೆ ತಿಕ್ಕಿದಳು. ಆರತಿ ಹಾಡಿನ ಒಂದು ಸೊಲ್ಲನ್ನೂ ಗುನುಗಿದಳು. ಆಮೇಲೆ ಸೀಗೆಪುಡಿ ಕಲಸಿ ಹಾಕಿ, ಹೆಣ್ಣುಮಕ್ಕಳ ತಲೆಯನ್ನು ಹೇಗೆ ಉಜ್ಜುತ್ತಿದ್ದಳೋ ಹಾಗೇ ಗಸಗಸ ಉಜ್ಜಿದಳು. ನಾಯಿ ಒಮ್ಮೆ ಮೈ ನಡುಗಿಸಿತು, ಸೀಗೆ ಕಣ್ಣಿಗೆ ಹೋಗಿ ಕಣ್ಣು ಮುಚ್ಚಿತು. ಜಾಗ ಬಿಟ್ಟು ಕದಲಲಿಲ್ಲ.

ಒರೆಸಲು ಟವಲು ತೆಗೆದುಕೊಳ್ಳುವಷ್ಟರಲ್ಲಿ ಕೆಳಗೆ ಬೀದಿಯಲ್ಲಿ ಆನೆಪಟಾಕಿ ಸಿಡಿಯಿತು. ರೇಷ್ಮಿ ಕಲಿತದ್ದನ್ನೆಲ್ಲ ಮರೆತು ಒದ್ದೆ ಮೈಯಲ್ಲೇ ಓಡಿ ಮಂಚದ ಕೆಳಗಿನ ಮೂಲೆ ಸೇರಿತು. ದಿನವಿಡೀ ಪಟಾಕಿ ನಿಲ್ಲಲಿಲ್ಲ, ನಾಯಿ ಹೊರಗೆ ಬರಲಿಲ್ಲ. ವಿಶಾಖಪಟ್ಟಣದ ಆ ಉಪ್ಪುಗಾಳಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಎರಡು ಪದರದ ಕೂದಲು ಎಲ್ಲಿಂದ ಒಣಗಬೇಕು?

ಮರುದಿನ ಹಣಿಗೆ ಇಟ್ಟರೆ ಹಣಿಗೆ ಹೋಗಲಿಲ್ಲ. ಜಿಡ್ಡು, ಸೀಗೆ, ಮಂಚದ ಕೆಳಗಿನ ಧೂಳು ಎಲ್ಲ ಸೇರಿ ಕೂದಲು ಕಂಬಳಿಯಂತೆ ಗಟ್ಟಿಯಾಗಿತ್ತು. ಜಿಡ್ಡು ಬಿಡಿಸಲು ಮತ್ತೆ ಸೀಗೆ ಹಾಕಿ ಉಜ್ಜಿದಳು. ಗಂಟು ಇನ್ನೂ ಬಿಗಿಯಾಯಿತು. ಎಳೆದರೆ ನಾಯಿ ಕುಂಯ್ ಎನ್ನುತ್ತಿತ್ತು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಒಂದು ವಾರ ಕಳೆಯುವಷ್ಟರಲ್ಲಿ ನಾಯಿಯ ಮೈಯಿಂದ ಮುಗ್ಗುಲು ವಾಸನೆ ಬರತೊಡಗಿತು. ಆಟೋದಲ್ಲಿ ಹಾಕಿಕೊಂಡು ದನದ ಡಾಕ್ಟರು ದಕ್ಷಿಣಾಮೂರ್ತಿಯ ಬಳಿ ಒಯ್ದಳು. ಅವರು ಮೂಸಿ ನೋಡಿ, "ಕುಕ್ಕಕಿ ನೂನೆನಾ, ಅಮ್ಮಾ?" ಎಂದರು. ನಾಯಿಗೆ ಎಣ್ಣೆಯೇ ಎಂದು ಅವರು ಬೆರಗಾಗಿ ಕೇಳಿದ್ದಷ್ಟೆ. ಅಲ್ಲಿ ಕೋಳಿ, ಮೇಕೆ ಹಿಡಿದುಕೊಂಡು ಕೂತಿದ್ದವರೆಲ್ಲ ತಿರುಗಿ ನೋಡಿದರು. ವೇದವತಿಗೆ ಸೆರಗಿನಲ್ಲಿ ಮುಖ ಹುದುಗಿಸಿಕೊಳ್ಳುವಂತಾಯಿತು. ಚರ್ಮ ಕೆಂಪಾಗಿದೆ, ಬುಡದವರೆಗೂ ಕತ್ತರಿಸದೆ ಬೇರೆ ದಾರಿಯಿಲ್ಲ, ಮುಲಾಮು ಹಚ್ಚಿ ಎಂದು ಅವರು ಹೇಳಿ ಕಳಿಸಿದರು.

ರವಿಕೆ ಕತ್ತರಿಸುವ ಕತ್ತರಿ ತಂದುಕೊಂಡು ವರಾಂಡದಲ್ಲಿ ಕಾಗದ ಹಾಸಿದಳು. "ನಿಂದ್ರು," ಎಂದಳು. ಇಷ್ಟೆಲ್ಲ ಆದ ಮೇಲೂ ನಾಯಿ ನಿಂತಿತಲ್ಲ! ಹಲ್ಲು ತೋರಿಸಬಹುದಿತ್ತು, ಕಚ್ಚಬಹುದಿತ್ತು. ಕಚ್ಚಿದ್ದರೆ ಎಷ್ಟೋ ಚೆನ್ನಾಗಿತ್ತು. ಅದು ಗೋಡೆಯ ಕಡೆ ಮುಖ ಮಾಡಿ ನಿಂತೇ ಇತ್ತು, ಕೂದಲು ಕಂಬಳಿ ತುಂಡುಗಳಂತೆ ಕಾಗದದ ಮೇಲೆ ಬೀಳುತ್ತ ಹೋಯಿತು. ಮುಗಿದ ಮೇಲೆ ಅಷ್ಟನ್ನೂ ಬಾಚಿ ಯಾರ ಕಣ್ಣಿಗೂ ಬೀಳದಂತೆ ಹಿತ್ತಲ ಕಸದ ಗುಂಡಿಗೆ ಸುರಿದು, ಕೈ ತೊಳೆದು ಮರಳಿ ಬಂದಳು. ಬಂದು ನೋಡಿದರೆ ರೇಷ್ಮಿ ಅಲ್ಲೇ ನಿಂತಿದೆ. ಕುರಿಮರಿಯಷ್ಟೂ ಇಲ್ಲದ ಬೋಳು ಮೈ, ನಡುಗುವ ಸಣ್ಣ ಕಾಲು. ಇವಳು "ಆತು" ಎನ್ನುವುದನ್ನೇ ಮರೆತಿದ್ದಳು. ಹೇಳೋಣವೆಂದರೆ ನಾಚಿಕೆಯಿಂದ ಬಾಯಿ ಬರಲಿಲ್ಲ. ನಾಯಿಯನ್ನು ಎತ್ತಿಕೊಂಡು ಅಲ್ಲೇ ಕುಸಿದು ಅತ್ತಳು.

ಮೆಟ್ಟಿಲು ಹತ್ತಿ ಬಂದ ಮನೆಯೊಡತಿ ಲಕ್ಷ್ಮೀಕಾಂತಮ್ಮ ಬೋಳು ನಾಯಿಯನ್ನು ಕಂಡು ಬಿದ್ದು ಬಿದ್ದು ನಕ್ಕರು. "ಗುಂಡು ಕೊಟ್ಟಿಂಚಾರಾ? ಸಿಂಹಾಚಲಂ ಮೊಕ್ಕಾ?" ಎಂದರು. ತಲೆ ಬೋಳಿಸಿದಿರಾ, ಸಿಂಹಾಚಲದ ಹರಕೆಯೇ ಎಂದು ತಮಾಷೆ. ಊರಿನವರ ಪಾಲಿಗೆ ಸಿಂಹಾಚಲದ ಬೆಟ್ಟದ ಅಪ್ಪನ್ನ ಸ್ವಾಮಿಗೆ ಮುಡಿ ಕೊಡುವುದು ನಿತ್ಯದ ಮಾತು.

"ಧಾರವಾಡಕ್ಕೆ ಟ್ರಂಕ್ ಕಾಲ್ ಮಾಡಿ ಹೇಳ್ಬಿಡೇ," ಎಂದ ಇಂದುಧರ. "ನಾಯಿ ಕೂದ್ಲು ತಾನೇ? ಬೆಳೆಯುತ್ತೆ."

"ಏನಂತ ಹೇಳ್ಲಿ? ಬೇಡ ಅಂದಿದ್ದನ್ನೇ ಮಾಡ್ದೆ ಅಂತ ಹೇಳ್ಲಾ?"

"ಹೂಂ, ಅದನ್ನೇ."

ಅವಳು ಹೇಳಲಿಲ್ಲ. ಹೇಳಬೇಕೆಂದು ಮನಸ್ಸಿನಲ್ಲೇ ಎಷ್ಟೋ ಸಲ ಮಾತು ಜೋಡಿಸಿಕೊಂಡಳು. ಅಷ್ಟರಲ್ಲಿ ಅನಸೂಯಾ ಹೇಳಿದ್ದಕ್ಕಿಂತ ಮೊದಲೇ ಬಂದುಬಿಟ್ಟಳು. ಸ್ಟೇಷನ್ನಿನಿಂದ ಮನೆಗೂ ಹೋಗದೆ, ಕೈಯಲ್ಲಿ ಪೇಡೆಯ ಪೊಟ್ಟಣ ಹಿಡಿದು ನೇರ ಸೀತಮ್ಮಧಾರಕ್ಕೆ ಬಂದವಳು ಬಾಗಿಲಲ್ಲೇ ನಿಂತಳು. ರೇಷ್ಮಿ ಓಡಿಹೋಗಿ ಅವಳ ಕಾಲಿಗೆ ಬಿತ್ತು. ಅನಸೂಯಾಳಿಗೆ ಅದು ತನ್ನ ನಾಯಿಯೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

"ಏನಾತ್ರಿ ಇದಕ್ಕ?"

ಆಗ ಸತ್ಯ ಹೇಳಬಹುದಿತ್ತು. ಬಾಗಿಲು ತೆರೆದೇ ಇತ್ತು. ಆದರೆ ವೇದವತಿಯ ನಾಲಿಗೆ ಅವಳಿಗಿಂತ ಮುಂದೆ ಓಡಿತು. "ಹುಷಾರು ತಪ್ಪಿತ್ತು ಕಣೇ. ತೀರಾ ಹುಷಾರು ತಪ್ಪಿತ್ತು. ಕೈಗೆ ಸಿಗಲ್ಲ ಅಂದ್ಕೊಂಡ್ವಿ. ಏನ್ ಮಾಡ್ಬೇಕೋ ತೋಚಲಿಲ್ಲ. ಸಿಂಹಾಚಲಂ ಅಪ್ಪನ್ನಗೆ ಮುಡಿ ಕೊಡ್ತೀವಿ, ಉಳಿಸ್ಕೊಡಪ್ಪಾ ಅಂತ ಹರಕೆ ಹೊತ್ಕೊಂಡೆ."

ಒಳಗೆ ಪೇಪರು ಓದುತ್ತಿದ್ದ ಇಂದುಧರ ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದುಕೊಂಡ.

ಅನಸೂಯಾ ಏನು ಮಾಡಬೇಕಿತ್ತು? ಕೂಗಾಡಬೇಕಿತ್ತು. ಡಿಸೆಂಬರಿನ ಶೋ ಹೋಯಿತು, ಎರಡು ವರ್ಷ ಬೆಳೆಸಿದ ಕೂದಲು ಹೋಯಿತು. ಅವಳು ಪೇಡೆಯ ಪೊಟ್ಟಣ ಕೆಳಗಿಟ್ಟು ವೇದವತಿಯ ಎರಡೂ ಕೈ ಹಿಡಿದುಕೊಂಡಳು. "ಒಡಹುಟ್ಟಿದ ಅಕ್ಕ ಇದ್ರೂ ಇಷ್ಟ ಮಾಡ್ತಿದ್ದಿಲ್ರಿ. ಶೋ ಹೋದ್ರ ಹೋಗ್ಲಿ, ಜೀವಾ ಉಳೀತಲ್ಲ," ಎಂದು ಕಣ್ಣೀರು ಹಾಕಿದಳು. ವೇದವತಿ ಆ ಕೈಗಳಿಂದ ತನ್ನ ಕೈ ಬಿಡಿಸಿಕೊಳ್ಳಲೂ ಆಗದೆ ಕೊಡಲೂ ಆಗದೆ ನಿಂತಳು. ಬೈಗುಳಕ್ಕೆ ಮೈ ಬಿಗಿ ಹಿಡಿದು ನಿಂತವಳಿಗೆ ಈ ಉಪಕಾರಸ್ಮರಣೆಯಿಂದ ಕಪಾಳಕ್ಕೆ ಹೊಡೆದಷ್ಟು ನೋವಾಯಿತು.

ಸುದ್ದಿ ಕನ್ನಡದವರ ಮನೆಗಳಲ್ಲೆಲ್ಲ ಓಡಾಡಿತು. ಬೇರೆಯವರ ನಾಯಿಗೂ ಹರಕೆ ಹೊತ್ತ ಪುಣ್ಯಾತಗಿತ್ತಿ ಎಂದು ಹೆಂಗಸರು ಹೊಗಳಿದರು. ಯಾರಾದರೂ ನಾಯಿ ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ವೇದವತಿ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಇಲ್ಲಿಗೇ ಮುಗಿದಿದ್ದರೆ ಹೇಗೋ ಆಗುತ್ತಿತ್ತು. ಕೆಲವು ದಿನ ಕಳೆದು ಅನಸೂಯಾ ಒಬ್ಬಳೇ ಬಂದಳು. ಮುಖ ಬಾಡಿತ್ತು.

"ಅಕ್ಕಾರ, ಆ ಕೂದಲಾ ಬೆಟ್ಟಕ್ಕ ಮುಟ್ಟಿಸೀರೇನ್ರಿ?"

ವೇದವತಿಗೆ ಹಿತ್ತಲ ಗುಂಡಿ ಕಣ್ಣ ಮುಂದೆ ಬಂತು. "ಇಲ್ಲ ಕಣೇ. ನಾಯಿ ಕೂದ್ಲು, ದೇವಸ್ಥಾನಕ್ಕೆ ಹೇಗೆ ತಗೊಂಡ್ಹೋಗೋದು?"

"ಅದ ನೋಡ್ರಿ. ಕೆಳಗಿನ ಲಕ್ಷ್ಮೀಕಾಂತಮ್ಮನ್ನ ಕೇಳ್ದೆ. ಮೊಕ್ಕು ಅಂದಮ್ಯಾಲೆ ಬೆಟ್ಟದಾಗ ಮುಡಿ ಕೊಡಾಕ ಬೇಕಂತ. ನಾಯೀದು ನಡಿಯೂದಿಲ್ಲಂತ. ಹರಕಿ ಹಂಗ ಉಳದದ. ನಮ್ಮನಿಯವರು ಸಮುದ್ರದಾಗ ಇರೋರು, ದೇವರ ಸಾಲ ಇಟ್ಕೊಂಡು ನನಗ ನಿದ್ದಿ ಹತ್ತೂದಿಲ್ರಿ." ಅನಸೂಯಾ ತನ್ನ ತೆಳು ಜಡೆಯನ್ನು ಮುಂದಕ್ಕೆ ಹಾಕಿಕೊಂಡಳು. "ನಾಯಿ ನಂದು. ನಂದ ಕೊಟ್ಟು ಬರ್ತೇನಿ. ನೀವೂ ಜೋಡಿ ಬರ್ರಿ."

ಅವಳು ಹೋದ ಮೇಲೆ ವೇದವತಿ ದೇವರ ಮುಂದೆ ಕೂತಳು. ಒಂದು ಮಾತು, ಒಂದೇ ಮಾತು ಸಾಕಿತ್ತು. ಹರಕೆಯೂ ಇಲ್ಲ ಕಾಯಿಲೆಯೂ ಇಲ್ಲ, ನನ್ನ ಹಮ್ಮು ಇತ್ತು ಎಂದರೆ ಮುಗಿಯುತ್ತಿತ್ತು. ಆ ಮಾತನ್ನು ಒಂದು ತಟ್ಟೆಯಲ್ಲಿಟ್ಟು, ಮಂಡಿ ಮುಟ್ಟುವ ತನ್ನ ಕೂದಲನ್ನು ಇನ್ನೊಂದು ತಟ್ಟೆಯಲ್ಲಿಟ್ಟು ತೂಗಿ ನೋಡಿದಳು. ಮಾತೇ ಹೆಚ್ಚು ಭಾರವಿತ್ತು.

"ಹುಚ್ಚು ಹಿಡೀತೇನೇ?" ಎಂದ ಇಂದುಧರ, ವಿಷಯ ತಿಳಿದು.

"ಅವಳ ತಲೆ ಬೋಳಾಗೋದನ್ನ ನಾನು ನಿಂತು ನೋಡ್ಲಾ?"

"ನೋಡ್ಬೇಡ. ನಿಜ ಹೇಳು."

"ಅದೊಂದು ನನ್ನ ಕೈಲಾಗಲ್ಲ ಕಣ್ರೀ," ಎಂದು ಅವಳು ಗೋಡೆಯ ಕಡೆ ತಿರುಗಿದಳು.

ಭಾನುವಾರ ಬೆಳಿಗ್ಗೆ ಅನಸೂಯಾ ಬಂದು ರೇಷ್ಮಿಯನ್ನು ಇಂದುಧರನ ಬಳಿ ಬಿಟ್ಟಳು. ವೇದವತಿ ಇನ್ನೂ ಬಚ್ಚಲಿನಲ್ಲಿದ್ದಳು. ಆಮೇಲೆ ಇಬ್ಬರೂ ಬಸ್ಸು ಹಿಡಿದು ಬೆಟ್ಟಕ್ಕೆ ಹೋದರು. ಮುಡಿ ತೆಗೆಯುವ ಕಟ್ಟೆಯಲ್ಲಿ ಗಂಡಸರು, ಹೆಂಗಸರು, ಎಳೆಗೂಸುಗಳು ಸಾಲಾಗಿ ಕೂತಿದ್ದರು. ಅನಸೂಯಾ ಕೂರಲು ಹೊರಟಾಗ ವೇದವತಿ ಅವಳ ತೋಳು ಹಿಡಿದು ಹಿಂದಕ್ಕೆ ಎಳೆದಳು.

"ಹರಕೆ ಹೊತ್ತೋಳು ನಾನು. ಕೊಡ್ಬೇಕಾದೋಳೂ ನಾನೇ. ನೀನು ಸುಮ್ನಿರು."

"ಅಕ್ಕಾರ, ಬ್ಯಾಡ್ರಿ! ನಿಮ್ಮ ಕೂದಲಾ..."

ಕ್ಷೌರಿಕನ ಕೈ ಕೂಡ ಒಂದು ಕ್ಷಣ ನಿಂತಿತು. ಇಷ್ಟು ಉದ್ದದ್ದು ದಿನವೂ ಸಿಗುವುದಿಲ್ಲವಲ್ಲ. ನೀರು ಹಾಕಿ ನೆನೆಸಿ ಕತ್ತಿ ಇಟ್ಟ. ವೇದವತಿ ಕಣ್ಣು ಮುಚ್ಚಿ ಅಲುಗಾಡದೆ ಕೂತಳು. ಕೂದಲು ಹೋಗುತ್ತಿದ್ದ ಹಾಗೆ ಮೈ ಹಗುರಾಗುತ್ತದೆ, ಇಲ್ಲಿಗೆ ಚುಕ್ತಾ ಆಗುತ್ತದೆ ಎಂದು ಅವಳು ನಂಬಿದ್ದಳು. ತಲೆ ಹಗುರಾಯಿತು, ಎದೆ ಆಗಲಿಲ್ಲ. ಗಂಧ ಹಚ್ಚಿಕೊಂಡು ಎದ್ದರೆ ಅನಸೂಯಾ ಅಷ್ಟು ಜನರ ನಡುವೆ ಅವಳ ಕಾಲಿಗೆ ನಮಸ್ಕಾರ ಮಾಡಿದಳು. ದೇವರ ದರ್ಶನದಲ್ಲಿ ವೇದವತಿ ತಲೆಯೆತ್ತಲಿಲ್ಲ. ದೇವರಿಗಂತೂ ಎಲ್ಲ ಗೊತ್ತು, ಅವನೆದುರು ಸೆರಗು ಹೊದ್ದು ಏನು ಪ್ರಯೋಜನ?

ಮನೆಗೆ ಬಂದಾಗ ಬಾಗಿಲು ತೆಗೆದ ಇಂದುಧರ ಹೆಂಡತಿಯನ್ನು ನೋಡಿ ಪಕ್ಕಕ್ಕೆ ಸರಿದ. ರೇಷ್ಮಿ ಓಡಿಬಂದು ಅನಸೂಯಾಳ ಸುತ್ತ ಕುಣಿಯಿತು. ಅದರ ಮೈಮೇಲೆ ಮಖಮಲ್ಲಿನಷ್ಟು ಕೂದಲು ಬಂದಿತ್ತು. ವೇದವತಿಯ ಬೋಳು ತಲೆ ಅದಕ್ಕೆ ಗುರುತು ಸಿಗಲಿಲ್ಲವೋ ಏನೋ, ತಲೆ ವಾರೆ ಮಾಡಿ ನೋಡಿತು. ಅವಳು ಕೆಳಗೆ ಕೂತು ಕೈ ಚಾಚಿದಳು. ನಾಯಿ ಬೆರಳನ್ನು ಮೂಸಿತು.

ಮೂಸಿದ್ದೇ ಅದರ ಕುಣಿತ ನಿಂತಿತು. ನಾಲ್ಕೂ ಕಾಲು ಊರಿ, ಮುಖ ಗೋಡೆಯ ಕಡೆ ತಿರುಗಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿ ನಿಂತುಬಿಟ್ಟಿತು. ಕಾಲು ಸಣ್ಣಗೆ ನಡುಗುತ್ತಿತ್ತು.

ಅನಸೂಯಾ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. ಆ ನಾಯಿಯನ್ನು ಪಳಗಿಸಿದವಳು ಅವಳು. "ಇದಕ್ಕ ಯಾರು ನಿಂದ್ರು ಅಂದ್ರು?" ಎಂದಳು. "ಕಣ್ಣ ಯಾಕ ಮುಚ್ಚೇದ ಇದು? ಅಕ್ಕಾರ, ಏನ್ ಮಾಡಿದ್ರಿ ಇದಕ್ಕ?"

ಇನ್ನು ಕೊಡಲು ವೇದವತಿಯ ಬಳಿ ಏನೂ ಉಳಿದಿರಲಿಲ್ಲ.

"ಎಣ್ಣೆ ಹಚ್ದೆ," ಎಂದಳು. "ದೀಪಾವಳಿ ದಿನ. ಹರಳೆಣ್ಣೆ ಹಚ್ಚಿ ಸೀಗೆಪುಡೀಲಿ ಉಜ್ದೆ. ಗಂಟಾಯ್ತು, ಕತ್ತರಿಸ್ದೆ. ಕಾಯಿಲೇನೂ ಇರ್ಲಿಲ್ಲ, ಹರಕೇನೂ ಇರ್ಲಿಲ್ಲ. ನೀನು ಬೇಡ ಅಂದಿದ್ದು ನೆನಪಿತ್ತು ಅನಸೂಯಾ. ನೆನಪಿದ್ದೇ ಮಾಡ್ದೆ."

ಅನಸೂಯಾ ಏನೋ ಹೇಳಲು ಬಾಯಿ ತೆರೆದಳು. ಮುಖ ಕೆಂಪಾಯಿತು. ಅವಳ ಕಣ್ಣು ಗಂಧ ಬಳಿದ ಆ ಬೋಳು ತಲೆಯ ಮೇಲೆ ಬಿತ್ತು, ಅಲ್ಲೇ ನಿಂತಿತು. ಬಂದ ಮಾತನ್ನು ನುಂಗಿಕೊಂಡಳು.

"ನಾ ನಿಮಗ ಬೈಯಾಕರ ಒಂದೀಟು ಜಾಗಾ ಇಡಬೇಕಿತ್ರಿ," ಎಂದಳು ಕೊನೆಗೆ. "ಅದನ್ನೂ ಇಡಲಿಲ್ಲ ನೀವು."

ವೇದವತಿಯ ಕೈ ಅಭ್ಯಾಸಬಲದಿಂದ ಹೆಗಲ ಮೇಲಿನ ಜಡೆಯನ್ನು ಹುಡುಕಿ ಹೋಗಿ ಬರಿದೇ ಕೆಳಗಿಳಿಯಿತು. ಅನಸೂಯಾ ಬಗ್ಗಿ ನಾಯಿಯ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ, "ಆತು ರೇಷ್ಮಿ, ಆತು," ಎಂದಳು. ರೇಷ್ಮಿ ಕಣ್ಣು ತೆರೆದು, ಮೈ ಕೊಡವಿ, ಬಾಗಿಲಿನತ್ತ ಓಡಿತು. ಅನಸೂಯಾ ಅದರ ಹಿಂದೆಯೇ ಮೆಟ್ಟಿಲಿಳಿದು ಹೋದಳು.

ಬಾಗಿಲು ಮುಚ್ಚಿದ ಇಂದುಧರ ತಿರುಗಿ ನೋಡಿದ. ವೇದವತಿ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಒಳಗೆ ಬಾರೇ ಎಂದು ಅವನು ಕರೆದ. ಅವಳು ನಿಂತೇ ಇದ್ದಳು.